ಕಸುಬಿನ ಕೈಯೂ ಬರೆಯುವ ಕೈಯೂ

ಸಾಹಿತ್ಯ ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವವರು ಕವಿಗಳು. ಪಂಪನು ಯಾವ ಅರಸನ ಆಶ್ರಯದಲ್ಲಿದ್ದನು, ಕುಮಾರವ್ಯಾಸನು ಯಾವ ಊರಿನವನು ಎಂಬ ವಿಷಯಗಳನ್ನು ನಾವು ಶಾಲೆಯಲ್ಲಿಯೇ ಕಲಿಯುತ್ತೇವೆ. ಆದರೆ ಅಕ್ಷರಕ್ಕೆ ಇನ್ನೊಂದು ಉಪಯೋಗವೂ ಉಂಟು. ಬಾವಿಯನ್ನು ಎಲ್ಲಿ ತೋಡಬೇಕು, ಹಸುವಿಗೆ ರೋಗ ಬಂದರೆ ಯಾವ ಮದ್ದನ್ನು ಎಷ್ಟು ಕೊಡಬೇಕು, ಕಬ್ಬಿಣವನ್ನು ಎಷ್ಟು ಕಾಸಿ ಯಾವಾಗ ನೀರಿನಲ್ಲಿ ಅದ್ದಬೇಕು ಎಂಬ ವಿಷಯಗಳನ್ನು, ಒಬ್ಬನು ಬರೆದುದನ್ನು ನೋಡಿ ಇನ್ನೊಬ್ಬನು ಕೆಲಸ ಮಾಡಲು ಸಾಧ್ಯವಾಗುವಂತೆ ತಿಳಿಸುವುದೇ ಆ ಉಪಯೋಗ. ಇದನ್ನು ನಾವು ಕಸುಬಿನ ಬರೆವಣಿಗೆ ಎಂದು ಕರೆಯೋಣ. ಇದರಲ್ಲಿ ರಸಾಲಂಕಾರಗಳಿಗೆ ಹೆಚ್ಚು ಎಡೆಯಿಲ್ಲ. ಆದರೆ ಇದರಲ್ಲಿ ಒಂದು ಅಳತೆ ತಪ್ಪಿದರೆ ಗೋಡೆ ಬೀಳುತ್ತದೆ, ಔಷಧವು ವಿಷವಾಗುತ್ತದೆ. ಇಂಥ ಬರೆವಣಿಗೆಯನ್ನು ಹಿಂದೆ ಯಾರು ಬರೆದರು, ಯಾರಿಗಾಗಿ ಬರೆದರು, ಕಸುಬಿನವನು ತಾನೇ ಬರೆಯಲು ತೊಡಗಿದುದು ಹೇಗೆ ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ನಮ್ಮ ಮನೆಯನ್ನೇ ನೋಡಬಹುದು. ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಕೊರತೆಯಿರಲಿಲ್ಲ. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ವಿದ್ವಾಂಸನು ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿದನು. ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ವಾಸ್ತು, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ತಯಾರಿಕೆ, ಅಡುಗೆ, ವೈದ್ಯ ಮೊದಲಾದ ಲೋಕಕ್ಕೆ ಬೇಕಾದ ವಿಷಯಗಳೆಲ್ಲ ಅದರ ಹನ್ನೆರಡು ಅಧ್ಯಾಯಗಳಲ್ಲಿ ಅಡಕವಾಗಿವೆ. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು. ಅದೇ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಗಣಿತ ಗ್ರಂಥಗಳನ್ನು ರಚಿಸಿದನು. 16ನೆಯ ಶತಮಾನದ ಆರಂಭದಲ್ಲಿ ಮಂಗರಸನು ‘ಸೂಪಶಾಸ್ತ್ರ’ವನ್ನು ಕೊಟ್ಟನು. ಪಂಡಿತರ ಭಾಷೆಯಾದ ಸಂಸ್ಕೃತದಲ್ಲಿದ್ದ ವಿಷಯವನ್ನು ಜನರ ಭಾಷೆಗೆ ಇಳಿಸಬೇಕೆಂಬ ಉದ್ದೇಶವು ಇವರಿಗಿದ್ದುದು ನಿಜವಾಗಿಯೂ ಶ್ಲಾಘ್ಯವಾದದ್ದು.

ಇವುಗಳಲ್ಲಿ ಹೆಚ್ಚಿನ ಭಾಗ ಪದ್ಯದಲ್ಲಿರುವುದನ್ನು ಕಂಡು ಈಗಿನವರು ಹುಬ್ಬೇರಿಸಬಹುದು. ಆದರೆ ಓಲೆಗರಿಯ ಕಾಲದಲ್ಲಿ ಪುಸ್ತಕವು ಎಲ್ಲರ ಕೈಗೆ ಸಿಕ್ಕುತ್ತಿರಲಿಲ್ಲ, ಬಾಯಿಪಾಠವಾದುದೇ ವಿದ್ಯೆ. ಛಂದಸ್ಸು ನೆನಪಿಗೆ ಕಟ್ಟಿದ ಹಗ್ಗ. ಆದರೆ ಛಂದಸ್ಸಿನಲ್ಲಿ ಒಂದು ತೊಡಕೂ ಉಂಟು. ಪ್ರಾಸಕ್ಕೆ ಬೇಕಾದ ಮಾತು ಒಳಗೆ ಬರುತ್ತದೆ. ಕೆಲಸಕ್ಕೆ ಬೇಕಾದ ಮಾತು ಕೆಲವು ವೇಳೆ ಹೊರಗೇ ಉಳಿಯುತ್ತದೆ. ಆದುದರಿಂದಲೇ ಇಂಥ ಗ್ರಂಥಗಳಿಗೆ ವ್ಯಾಖ್ಯಾನವೂ, ಪಕ್ಕದಲ್ಲಿ ಕುಳಿತು ಹೇಳಿಕೊಡುವ ಗುರುವೂ ಬೇಕಾಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇವನ್ನು ಬರೆದವರು ವಿದ್ವಾಂಸರು. ಓದಿದವರು ಅರಮನೆಯವರು, ವೈದ್ಯರು, ಅನುಕೂಲವಂತ ಗೃಹಸ್ಥರು. ಬಾವಿಯನ್ನು ತೋಡಿದವನು ಗ್ರಂಥವನ್ನು ಬರೆಯಲಿಲ್ಲ, ಬಹುಶಃ ಅದನ್ನು ಓದಲೂ ಇಲ್ಲ.

ಹಾಗಾದರೆ ಕಸುಬಿನವರಿಗೆ ಅಕ್ಷರವೇ ತಿಳಿದಿರಲಿಲ್ಲವೆ? ಹಾಗೆ ಹೇಳುವಂತಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ವಿಗ್ರಹಗಳ ಪೀಠದಲ್ಲಿ ಕೊರೆದಿರುವ ಕನ್ನಡದ ಬರಹಗಳನ್ನು ನೋಡಿರಬಹುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರನ್ನೂ, ಊರನ್ನೂ, ಬಿರುದುಗಳನ್ನೂ ಅಲ್ಲಿ ಅಭಿಮಾನದಿಂದ ಬರೆದಿದ್ದಾರೆ. 13ನೆಯ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಭಾರತದ ಬೇರೆ ಎಷ್ಟೋ ಕಡೆಗಳಲ್ಲಿ ಶಿಲ್ಪಿಯ ಹೆಸರೇ ಉಳಿದಿಲ್ಲವೆಂಬುದನ್ನು ನೆನೆದರೆ ಇದು ದೊಡ್ಡ ಮಾತೇ ಸರಿ. ಆದರೆ ಈ ಕೈ ತನ್ನ ಹೆಸರನ್ನು ಬರೆಯಿತೇ ಹೊರತು ತನ್ನ ಕೆಲಸವನ್ನು ಬರೆಯಲಿಲ್ಲ. ಬಳಪದ ಕಲ್ಲಿನಲ್ಲಿ ಕೂದಲೆಳೆಯಂಥ ಕೆತ್ತನೆಯನ್ನು ಯಾವ ಚಾಣದಿಂದ ಮಾಡಿದರು, ಕಂಬವನ್ನು ಹೇಗೆ ತಿರುಗಿಸಿ ಕಡೆದರು ಎಂಬುದನ್ನು ನಾವು ಇಂದು ಕಲ್ಲಿನ ಮೇಲಿನ ಗುರುತುಗಳಿಂದ ಊಹಿಸಬೇಕಾಗಿದೆ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಹೋಗುವ ವಿದ್ಯೆಯನ್ನು ಬರೆದಿಡಬೇಕಾದ ಅಗತ್ಯ ಅವರಿಗೆ ತೋರಲಿಲ್ಲ. ಗುಟ್ಟು ಹೊರಬಿದ್ದರೆ ಅನ್ನ ಹೋಗುವುದೆಂಬ ಭಯವೂ ಇದ್ದಿರಬೇಕು.

ಕೈಯಿಂದ ಕೈಗೆ ಹೋಗುವ ವಿದ್ಯೆಗೆ ಒಂದು ಅಪಾಯವುಂಟು: ಒಂದು ತಲೆಮಾರು ಕೈಬಿಟ್ಟರೆ ಅದು ಮುಗಿಯಿತು. ಇದಕ್ಕೆ ನಮ್ಮ ಸೀಮೆಯ ಉಕ್ಕೇ ನಿದರ್ಶನ. ದಕ್ಷಿಣ ಭಾರತದ ಕಮ್ಮಾರರು ಮಣ್ಣಿನ ಮೂಸೆಗಳಲ್ಲಿ ತಯಾರಿಸುತ್ತಿದ್ದ ಉಕ್ಕು ಪಶ್ಚಿಮದ ದೇಶಗಳಿಗೆಲ್ಲ ಹೋಗಿ ಹೆಸರು ಪಡೆದಿದ್ದಿತು. ಯೂರೋಪಿನವರು ಅದನ್ನು ‘ವೂಟ್ಸ್’ ಎಂದು ಕರೆದರು. ಇದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಹಲವು ವಿದ್ವಾಂಸರ ಅಭಿಪ್ರಾಯ. 1820ರ ಸುಮಾರಿಗೆ ಲಂಡನ್ನಿನಲ್ಲಿ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕನೂ ಮೈಕೇಲ್ ಫ್ಯಾರಡೆಯೂ ಸೇರಿ ಇದರ ಗುಟ್ಟನ್ನು ಕಂಡುಹಿಡಿಯಲು ಬಹಳ ಶ್ರಮಪಟ್ಟರು. ಈ ಉಕ್ಕನ್ನು ಮಾಡುತ್ತಿದ್ದ ಕಮ್ಮಾರರಲ್ಲಿ ಯಾರೊಬ್ಬರೂ ಬರೆದ ಕನ್ನಡದ ಪುಸ್ತಕವೊಂದು ನಮ್ಮ ಕೈಯಲ್ಲಿಲ್ಲ. ನಮ್ಮ ಸೀಮೆಯ ಉಕ್ಕಿನ ಕೆಲಸವನ್ನು ಕಣ್ಣಿನಿಂದ ಕಂಡು ವಿವರವಾಗಿ ಬರೆದವರಲ್ಲಿ ಮುಖ್ಯನಾದವನು ಒಬ್ಬ ಪರದೇಶದ ವೈದ್ಯ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚಾರ ಮಾಡಿದನು. ಮೂಸೆಯನ್ನು ಯಾವ ಮಣ್ಣಿನಿಂದ ಮಾಡುತ್ತಾರೆ, ಅದರೊಳಗೆ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿಗಳನ್ನೂ ಹಸಿಯ ಎಲೆಗಳನ್ನೂ ಹೇಗೆ ಇಡುತ್ತಾರೆ, ಬಾಯಿಯನ್ನು ಹೇಗೆ ಮೆತ್ತುತ್ತಾರೆ, ತಿದಿಯನ್ನು ಹೇಗೆ ಒತ್ತುತ್ತಾರೆ ಎಂಬುದನ್ನೆಲ್ಲ ಅವನು ಕೇಳಿ, ತೂಗಿಸಿ, ಬರೆದುಕೊಂಡನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. 19ನೆಯ ಶತಮಾನದಲ್ಲಿ ಅಗ್ಗದ ಪರದೇಶದ ಉಕ್ಕು ಬಂದುದರಿಂದಲೂ, ಇದ್ದಲಿಗೆ ಕಾಡು ಸುಲಭವಾಗಿ ದೊರೆಯದೆ ಹೋದುದರಿಂದಲೂ ಈ ಕುಲುಮೆಗಳು ಒಂದೊಂದಾಗಿ ಆರಿದುವು. ಬರೆದಿಟ್ಟಿದ್ದರೆ ಕಸುಬು ಉಳಿಯುತ್ತಿತ್ತೆಂದು ನಾವು ಹೇಳುವುದಿಲ್ಲ. ಪೇಟೆಯ ಬೆಲೆಗೆ ಬರೆಹವು ಅಡ್ಡಬರಲಾರದು. ಆದರೆ ಕಸುಬು ಹೋದರೂ ಅದರ ತಿಳಿವಳಿಕೆ ನಮ್ಮದಾಗಿ ಉಳಿಯುತ್ತಿತ್ತು. ಈಗ ನಮ್ಮ ಕಮ್ಮಾರನ ವಿದ್ಯೆಯನ್ನು ತಿಳಿಯಲು ನಾವು ಪರದೇಶದ ಪ್ರವಾಸಿಯ ಪುಸ್ತಕವನ್ನು ತೆರೆಯಬೇಕಾಗಿದೆ. ಅವನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಎಲ್ಲಿಯೂ ಇಲ್ಲ.

ಈ ಕೊರತೆ ನಮ್ಮೊಬ್ಬರದೇ ಎಂದು ತಿಳಿಯಬಾರದು. ಯೂರೋಪಿನಲ್ಲಿಯೂ ಕಸುಬುಗಾರರ ಶ್ರೇಣಿಗಳು ತಮ್ಮ ಗುಟ್ಟನ್ನು ಕಟ್ಟಿನಿಟ್ಟಾಗಿ ಕಾಯುತ್ತಿದ್ದುವು. 1580ರಲ್ಲಿ ಫ್ರಾನ್ಸಿನ ಕುಂಬಾರ ಬರ್ನಾರ್ಡ್ ಪಾಲಿಸಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ‘ಸಿದ್ಧಾಂತ’ ಮತ್ತು ‘ಅನುಭವ’ ಎಂಬ ಇಬ್ಬರು ಸಂವಾದ ಮಾಡುತ್ತಾರೆ. ಪ್ರತಿಯೊಂದು ವಾದದಲ್ಲಿಯೂ ಗೆಲ್ಲುವವನು ಅನುಭವ. ಆದರೂ ತನ್ನ ಪ್ರಸಿದ್ಧವಾದ ಮೆರುಗಿಗೆ ಯಾವ ಯಾವ ಪದಾರ್ಥ ಬೇಕೆಂದು ಹೇಳುವ ಪಾಲಿಸಿ, ಯಾವುದು ಎಷ್ಟು ಎಂಬುದನ್ನು ಮಾತ್ರ ಹೇಳುವುದಿಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ಸಂಪಾದಿಸಿದುದನ್ನು ಸುಮ್ಮನೆ ಕೊಟ್ಟುಬಿಡಲು ಅವನಿಗೆ ಮನಸ್ಸಾಗಲಿಲ್ಲ. ಅವನನ್ನು ದೂರುವುದು ಸುಲಭ. ಆದರೆ ಅವನ ಹೊಟ್ಟೆಪಾಡಿನ ಕಡೆಯಿಂದಲೂ ಯೋಚಿಸಬೇಕು.

ಇದಕ್ಕೆ ಎರಡು ಶತಮಾನಗಳ ಮುಂಚೆಯೇ ಇಂಗ್ಲೆಂಡಿನಲ್ಲಿ ಒಂದು ಸೊಗಸಾದ ಪ್ರಯತ್ನ ನಡೆದಿದ್ದಿತು. ಕವಿ ಚಾಸರನು 1391ರಲ್ಲಿ ತನ್ನ ಹತ್ತು ವರ್ಷದ ಮಗ ಲೂಯಿಗಾಗಿ ನಕ್ಷತ್ರಯಂತ್ರವನ್ನು ಉಪಯೋಗಿಸುವ ಬಗೆಯನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನು ಬರೆಯತೊಡಗಿದನು. ಮಗನಿಗೆ ಲ್ಯಾಟಿನ್ ಅಷ್ಟಾಗಿ ಬಾರದೆಂದು ಇಂಗ್ಲಿಷಿನಲ್ಲಿ ಬರೆದನು. ಹೇಳಿದುದನ್ನೇ ಮತ್ತೆ ಹೇಳಿದ್ದೇನೆಂದು ಬಲ್ಲವರು ಆಕ್ಷೇಪಿಸಬಾರದೆಂದೂ, ಮಗುವು ಒಮ್ಮೆ ಮರೆಯುವುದಕ್ಕಿಂತ ಒಳ್ಳೆಯ ಮಾತನ್ನು ಎರಡು ಸಲ ಬರೆಯುವುದು ಮೇಲೆಂದೂ ಮುನ್ನುಡಿಯಲ್ಲಿ ಕೇಳಿಕೊಂಡಿದ್ದಾನೆ. ಎದುರಿಗಿರುವ ಓದುಗನು ಯಾರು, ಅವನಿಗೆ ಏನು ಬರುತ್ತದೆ, ಏನು ಬಾರದು ಎಂಬುದನ್ನು ಮೊದಲು ಯೋಚಿಸಿದುದೇ ಈ ಪುಸ್ತಕದ ಹಿರಿಮೆ. ಕಸುಬಿನ ಬರೆವಣಿಗೆಯ ಮೊದಲ ಪಾಠವೂ ಅದೇ.

ಕಸುಬಿನವನು ತಾನೇ ಲೇಖನಿಯನ್ನು ಹಿಡಿದುದಕ್ಕೆ ಉತ್ತಮವಾದ ನಿದರ್ಶನವೆಂದರೆ ಜೋಸೆಫ್ ಮಾಕ್ಸನ್. 1627ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಇವನು ಮುದ್ರಕ. ಭೂಗೋಲಗಳನ್ನೂ ನಕ್ಷೆಗಳನ್ನೂ ತಯಾರಿಸಿ ಮಾರುತ್ತಿದ್ದವನು. 1678ರಿಂದ ಇವನು ಕಮ್ಮಾರಿಕೆ, ಮರಗೆಲಸ, ಕಡೆತ ಮೊದಲಾದ ಕೈಕೆಲಸಗಳನ್ನು ಕುರಿತು ತಿಂಗಳಿಗೊಂದು ಸಣ್ಣ ಸಂಚಿಕೆಯಂತೆ ಪ್ರಕಟಿಸತೊಡಗಿದನು. ದೊಡ್ಡ ಪುಸ್ತಕವನ್ನು ಒಮ್ಮೆಗೇ ಕೊಳ್ಳಲಾರದವನೂ ಆರು ಪೆನ್ನಿಗಳನ್ನು ಕೊಟ್ಟು ಒಂದು ಸಂಚಿಕೆಯನ್ನು ಕೊಳ್ಳಬಹುದಾಗಿತ್ತು. ನಡುವೆ ರಾಜಕೀಯದ ಗಲಭೆಯಿಂದ ಕೊಳ್ಳುವವರು ಕಡಮೆಯಾಗಿ ಕೆಲಸ ನಿಂತಿತು. 1683ರಲ್ಲಿ ಮತ್ತೆ ಆರಂಭಿಸಿ, ತನ್ನ ಸ್ವಂತ ಕಸುಬಾದ ಮುದ್ರಣವನ್ನು ಮೊಳೆ ಕೊರೆಯುವುದರಿಂದ ಹಿಡಿದು ಹಾಳೆ ಒತ್ತುವವರೆಗೆ ಸಂಪೂರ್ಣವಾಗಿ ವಿವರಿಸಿದನು. ಮುದ್ರಣ ಕಲೆಯನ್ನು ಕುರಿತ ಮೊದಲನೆಯ ಸಮಗ್ರ ಗ್ರಂಥವೆಂದು ಅದು ಇಂದಿಗೂ ಮಾನ್ಯವಾಗಿದೆ. ಮಾಕ್ಸನನನ್ನು 1678ರಲ್ಲಿ ರಾಯಲ್ ಸೊಸೈಟಿಯ ಸದಸ್ಯನನ್ನಾಗಿ ಆರಿಸಿದಾಗ ವಿರುದ್ಧವಾಗಿ ಮತ ಕೊಟ್ಟವರೂ ಇದ್ದರು. ವಿದ್ವಾಂಸರ ನಡುವೆ ಅಂಗಡಿಯವನಿಗೆ ಪೀಠವು ಸುಲಭವಾಗಿ ದೊರೆಯಲಿಲ್ಲ.

ಮಾಕ್ಸನನ ಪುಸ್ತಕದಿಂದ ಕಲಿಯತಕ್ಕ ಅಂಶಗಳು ಮೂರು. ಮೊದಲನೆಯದು ಹೆಸರು. ಪ್ರತಿಯೊಂದು ಉಪಕರಣಕ್ಕೂ, ಅದರ ಪ್ರತಿಯೊಂದು ಭಾಗಕ್ಕೂ ಕೆಲಸಗಾರರು ಆಡುವ ಹೆಸರನ್ನೇ ಅವನು ಕೊಡುತ್ತಾನೆ. ಚಿತ್ರದಲ್ಲಿ ಅಕ್ಷರಗಳಿಂದ ಗುರುತಿಸುತ್ತಾನೆ. ಪದಗಳಿಗೆ ಅರ್ಥವನ್ನೂ ಕೊಡುತ್ತಾನೆ. ಎರಡನೆಯದು ಕ್ರಮ. ಕಮ್ಮಾರನು ಇತರ ಕಸುಬುಗಳವರಿಗೆಲ್ಲ ಉಪಕರಣಗಳನ್ನು ಮಾಡಿಕೊಡುವವನಾದುದರಿಂದ ಅವನು ಕಮ್ಮಾರಿಕೆಯಿಂದಲೇ ಪ್ರಾರಂಭಿಸುತ್ತಾನೆ. ಒಂದೊಂದು ಕೆಲಸದಲ್ಲಿಯೂ ಮೊದಲು ಮಾಡತಕ್ಕದ್ದು ಮೊದಲು ಬರುತ್ತದೆ. ಮೂರನೆಯದು ಗುರುತು. ಆ ಕಾಲದ ಕುಲುಮೆಯಲ್ಲಿ ಬಿಸಿಯನ್ನು ಅಳೆಯುವ ಯಂತ್ರವಿರಲಿಲ್ಲ. ಆದುದರಿಂದ ಕಬ್ಬಿಣವು ರಕ್ತದಂತೆ ಕೆಂಪಾಗಿರುವಾಗ ಯಾವ ಕೆಲಸ, ಬಿಳಿಯ ಉರಿಯಂತಾದಾಗ ಯಾವ ಕೆಲಸ, ಕಿಡಿ ಸಿಡಿಯುವಂತಾದಾಗ ಬೆಸುಗೆ ಹೇಗೆ ಎಂದು ಬಣ್ಣವನ್ನೇ ಅಳತೆಗೋಲನ್ನಾಗಿ ಮಾಡಿಕೊಂಡು ಹೇಳುತ್ತಾನೆ. ‘ಚೆನ್ನಾಗಿ ಕಾಸು’ ಎಂಬ ಮಾತಿಗೂ ಇದಕ್ಕೂ ಎಷ್ಟು ಅಂತರ! ಇಷ್ಟೆಲ್ಲ ಬರೆದ ಮೇಲೂ, ಕೈಯ ನೈಪುಣ್ಯವನ್ನು ಮಾತಿನಿಂದ ಕಲಿಸಲಾಗುವುದಿಲ್ಲವೆಂದೂ ಅದು ಅಭ್ಯಾಸದಿಂದಲೇ ಬರಬೇಕೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಬರೆಹದ ಎಲ್ಲೆಯನ್ನು ಬಲ್ಲ ಬರೆಹಗಾರನನ್ನು ನಂಬಬಹುದು.

ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಡಿಡೆರೊ ಇದೇ ಕಾರ್ಯವನ್ನು ಬಹಳ ವಿಸ್ತಾರವಾಗಿ ಕೈಗೊಂಡನು. ಲಾಂಗ್ರ್ ಎಂಬ ಊರಿನ ಒಬ್ಬ ಚಾಕು ತಯಾರಕನ ಮಗನಾದ ಇವನು, ವಿಶ್ವಕೋಶದಲ್ಲಿ ದರ್ಶನ, ರಾಜನೀತಿಗಳ ಪಕ್ಕದಲ್ಲಿಯೇ ಗಾಜು, ಕಾಗದ, ಸೂಜಿಗಳ ತಯಾರಿಕೆಗೂ ಸ್ಥಾನ ಕೊಟ್ಟನು. 1751ರಿಂದ 1772ರವರೆಗೆ 17 ಸಂಪುಟಗಳ ಗ್ರಂಥಭಾಗವೂ 11 ಸಂಪುಟಗಳ ಚಿತ್ರಗಳೂ ಹೊರಬಂದುವು. ಕಾಲುಚೀಲ ಹೆಣೆಯುವ ಯಂತ್ರವನ್ನು ಕುರಿತ ಲೇಖನವನ್ನು ಸ್ವತಃ ಡಿಡೆರೊನೇ ಬರೆದನು. ಕಾರ್ಖಾನೆಗಳಿಗೆ ಹೋಗಿ ವಿಚಾರಿಸಿದಾಗ ಅವನಿಗಾದ ಅನುಭವವು ಗಮನಿಸತಕ್ಕದ್ದು: ತಮ್ಮ ಉಪಕರಣವನ್ನೂ ಕೆಲಸವನ್ನೂ ಸ್ಪಷ್ಟವಾಗಿ ವಿವರಿಸಬಲ್ಲವರು ಸಾವಿರ ಜನರಲ್ಲಿ ಹನ್ನೆರಡು ಮಂದಿಯೂ ಸಿಕ್ಕುವುದು ಕಷ್ಟವೆಂದು ಅವನು ಬರೆದಿದ್ದಾನೆ. ಇದರಿಂದ ಕೆಲಸಗಾರರು ದಡ್ಡರೆಂದು ಕೆಲವರು ತೀರ್ಮಾನಿಸಬಹುದು. ನಮ್ಮ ತೀರ್ಮಾನ ಬೇರೆ. ವಿವರಿಸುವುದೂ ಒಂದು ಕಸುಬು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮೇಲಾಗಿ ಆ ವಿಶ್ವಕೋಶದ ಬೆಲೆಯನ್ನು ತೆರಬಲ್ಲವರು ಸಿರಿವಂತರು. ಕೆಲಸಗಾರನ ಜ್ಞಾನವು ಅವನ ಮನೆಯಿಂದ ಹೊರಟು ಧನಿಕನ ಪುಸ್ತಕದ ಕಪಾಟನ್ನು ಸೇರಿತು, ಅವನಿಗೆ ಹಿಂದಿರುಗಲಿಲ್ಲ.

ಅದನ್ನು ಹಿಂದಿರುಗಿಸುವ ಯತ್ನವು ಸ್ಕಾಟ್ಲೆಂಡಿನಲ್ಲಿ ಪ್ರಾರಂಭವಾಯಿತು. ಗ್ಲಾಸ್ಗೋ ನಗರದಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಬರ್ಕ್‌ಬೆಕ್, ತನಗಾಗಿ ಯಂತ್ರದ ಮಾದರಿಯನ್ನು ತಯಾರಿಸುತ್ತಿದ್ದ ಕೆಲಸಗಾರರು ಸುತ್ತ ನೆರೆದು ಅದರ ತತ್ತ್ವವನ್ನು ಕುತೂಹಲದಿಂದ ಕೇಳಿದುದನ್ನು ಕಂಡು, 1800ರಲ್ಲಿ ಅವರಿಗಾಗಿಯೇ ಉಪನ್ಯಾಸಗಳನ್ನು ಏರ್ಪಡಿಸಿದನು. ಮೊದಲನೆಯ ಉಪನ್ಯಾಸಕ್ಕೆ 75 ಜನರು ಬಂದರು. ನಾಲ್ಕನೆಯದರ ಹೊತ್ತಿಗೆ ಅವರ ಸಂಖ್ಯೆ 500ಕ್ಕೆ ಏರಿತು. 1823ರಲ್ಲಿ ಲಂಡನ್ನಿನಲ್ಲಿ ಕೆಲಸಗಾರರ ವಿದ್ಯಾಸಂಸ್ಥೆಯೊಂದು ಸ್ಥಾಪಿತವಾಗಿ, ಇಂಥವು ದೇಶವೆಲ್ಲ ಹಬ್ಬಿದುವು. ಆದರೆ ಅನೇಕ ಕಡೆಗಳಲ್ಲಿ ಕೆಲವು ವರ್ಷಗಳಲ್ಲಿಯೇ ಕೆಲಸಗಾರರು ಹಿಂದೆ ಸರಿದು, ಗುಮಾಸ್ತರೂ ವರ್ತಕರೂ ಅವರ ಸ್ಥಾನವನ್ನು ತುಂಬಿದರು. ಹಗಲೆಲ್ಲ ದುಡಿದು ಬಂದವನಿಗೆ ಓದುಬರೆಹದ ತಳಹದಿಯಿಲ್ಲದೆ ಉಪನ್ಯಾಸವು ಹಿಡಿಸಲಿಲ್ಲ. ಕೇಳಿದುದನ್ನು ಬರೆದುಕೊಳ್ಳಲು, ಕಂಡುದನ್ನು ಚಿತ್ರಿಸಲು, ಮಾಡಿದುದನ್ನು ವರದಿ ಮಾಡಲು ಬಾರದವನಿಗೆ ವಿದ್ಯೆಯು ಕೇವಲ ಕಿವಿಯ ಮೂಲಕ ಎಷ್ಟು ದಿನ ಬಂದೀತು?

ಈಗ ಪುನಃ ನಮ್ಮ ಸೀಮೆಗೆ ಬರೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದುವು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಇದರೊಡನೆ ನಮ್ಮಲ್ಲಿ ಹಿಂದೆಂದೂ ಇಲ್ಲದಿದ್ದ ಕಸುಬುಗಳು ಹುಟ್ಟಿದುವು. ಬಡಗಿಗೆ ಬಡಗಿಯಾದ ತಂದೆಯಿದ್ದನು. ವಿದ್ಯುತ್ತಿನ ತಂತಿ ಎಳೆಯುವವನಿಗೆ ಆ ಕೆಲಸ ಬಲ್ಲ ತಾತನಿರಲಿಲ್ಲ. ಅವನು ಎಚ್ಚರಿಕೆಯ ಹಲಗೆಯನ್ನು ಓದಬೇಕು, ನಕ್ಷೆಯನ್ನು ಅರಿಯಬೇಕು, ತನ್ನ ಪಾಳಿಯಲ್ಲಿ ಯಾವ ಯಂತ್ರ ಹೇಗೆ ನಡೆಯಿತೆಂದು ಮುಂದಿನ ಪಾಳಿಯವನಿಗೆ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಅವನು ಎರಡು ಸಾಲು ಅಸ್ಪಷ್ಟವಾಗಿ ಬರೆದರೆ ಮುಂದಿನವನ ಪ್ರಾಣಕ್ಕೇ ಅಪಾಯ. ಈ ಬದಲಾವಣೆಯನ್ನು ಮುಂಗಂಡವರಲ್ಲಿ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯವು ಆರಂಭವಾಯಿತು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ವಿದ್ಯಾಲಯವು ಹುಟ್ಟಿತು. ಇದೇ ಅವಧಿಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕೆಲವು ಕಾಲ ನಡೆಸಿ, ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. 1950ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಕೈಗೊಂಡ ಮೇಲೆ ಕೈಗಾರಿಕಾ ತರಬೇತಿ ಸಂಸ್ಥೆಗಳು ದೇಶದಲ್ಲೆಲ್ಲ ಬೆಳೆದುವು.

ಇಷ್ಟಾದರೂ ಒಂದು ಪ್ರಶ್ನೆ ಉಳಿದೇ ಇದೆ. ನಾವು ಕಸುಬಿನ ವಿದ್ಯಾರ್ಥಿಗೆ ಓದಲು ಪುಸ್ತಕವನ್ನು ಕೊಡುತ್ತೇವೆ. ಬರೆಯಲು ಏನನ್ನು ಕಲಿಸುತ್ತೇವೆ? ಭಾಷೆಯ ಪಾಠವೆಂದರೆ ಚಂದ್ರೋದಯದ ವರ್ಣನೆ, ರಜೆ ಕೇಳುವ ಅರ್ಜಿ. ಇವು ಬೇಡವೆಂದಲ್ಲ. ಆದರೆ ಕೆಟ್ಟ ನೀರೆತ್ತುವ ಯಂತ್ರವನ್ನು ಸರಿಮಾಡಿದ ಹುಡುಗನು, ಏನು ಕೆಟ್ಟಿತ್ತು, ಅದನ್ನು ಹೇಗೆ ಕಂಡುಹಿಡಿದನು, ಯಾವ ಕ್ರಮದಲ್ಲಿ ಬಿಚ್ಚಿದನು, ಏನನ್ನು ಬದಲಾಯಿಸಿದನು ಎಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯುವುದು ಚಂದ್ರೋದಯದ ವರ್ಣನೆಗಿಂತ ಸುಲಭವೆಂದು ಯಾರೂ ಭಾವಿಸಬಾರದು. ಈ ಬರೆಹಕ್ಕೆ ಗುಣಾಂಕ ಕೊಡಲು ಪಂಡಿತನೇ ಬೇಕಾಗಿಲ್ಲ. ಅದನ್ನು ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು, ಮಾತನಾಡದೆ, ಅದರಂತೆ ಕೆಲಸ ಮಾಡೆಂದು ಹೇಳಿದರೆ ಸಾಕು. ಅವನು ಎಲ್ಲಿ ತಡೆದು ನಿಲ್ಲುವನೋ ಅಲ್ಲಿ ಬರೆಹದಲ್ಲಿ ಕುಂದಿದೆ. ಈಗ ಕೆಲಸವನ್ನು ಚಲಿಸುವ ಚಿತ್ರವಾಗಿ ತೋರಿಸುವ ಸಾಧನವು ಬಹು ಮಂದಿಯ ಜೇಬಿನಲ್ಲಿಯೇ ಇದೆಯಾದುದರಿಂದ ಬರೆಹವೇಕೆಂದು ಕೇಳುವವರುಂಟು. ಚಿತ್ರವು ಕೈ ಹೇಗೆ ಆಡಿತೆಂದು ತೋರಿಸುತ್ತದೆ. ಎಷ್ಟು, ಏಕೆ, ಯಾವಾಗ ಮಾಡಬಾರದು ಎಂಬುದಕ್ಕೆ ಮಾತು ಬೇಕೇ ಬೇಕು.

ಭಾಷೆಯ ವಿಷಯವಾಗಿಯೂ ಒಂದು ಮಾತು. ತಾಂತ್ರಿಕ ವಿಷಯಕ್ಕೆ ಕನ್ನಡದಲ್ಲಿ ಶಬ್ದವಿಲ್ಲವೆಂದು ಹೇಳುವವರು ಕೆಲಸದ ಕೊಟ್ಟಿಗೆಯ ಕಡೆ ಹೋಗಿ ನೋಡಿಲ್ಲ. ತಿದಿ, ಮೂಸೆ, ಇಕ್ಕುಳ, ಬೆಸುಗೆ, ಬಾಚಿ, ಬೈರಿಗೆ, ಉಜ್ಜುಗೊರಡು, ಮಟ್ಟಗೋಲು, ತೂಗುಗುಂಡು ಇವೆಲ್ಲ ನಿಘಂಟಿಗಾಗಿ ಯಾರೋ ಕಲ್ಪಿಸಿದ ಮಾತುಗಳಲ್ಲ. ದಿನವೂ ಕೈಯೊಡನೆ ಸವೆದು ನುಣುಪಾದ ಮಾತುಗಳು. ಲೇದು, ಬೋಲ್ಟು, ಫ್ಯೂಜುಗಳೂ ಈಗ ಅವರ ಬಾಯಲ್ಲಿ ಕನ್ನಡವೇ ಆಗಿವೆ. ಮಾಕ್ಸನನು ಮಾಡಿದಂತೆ ಕೆಲಸಗಾರನ ಮಾತನ್ನೇ ಪುಸ್ತಕಕ್ಕೆ ತಂದರೆ ಓದುವವನಿಗೆ ಅರ್ಥವಾಗುತ್ತದೆ; ಬರೆಯುವವನಿಗೂ ಇದು ತನ್ನ ಭಾಷೆಯೆಂಬ ಧೈರ್ಯ ಬರುತ್ತದೆ.

ನಗರಗಳಲ್ಲಿರುವ ವಿದ್ಯಾವಂತರು ಕಸುಬಿನವರನ್ನು ಕುರಿತು ಬರೆಯುವುದಷ್ಟೇ ಸಾಲದು. ಅವರೇ ಬರೆಯುವಂತೆ ನೆರವಾಗಬೇಕು. ಕಾಲೇಜಿನಲ್ಲಿ ಭಾಷೆಯನ್ನು ಬೋಧಿಸುವ ನಾವು ವಾರಕ್ಕೊಂದು ಗಂಟೆ ಸಮೀಪದ ಕೈಗಾರಿಕಾ ಶಾಲೆಗೆ ಹೋಗಿ ವಿದ್ಯಾರ್ಥಿಗಳ ಬರೆಹವನ್ನು ತಿದ್ದಿದರೆ ನಮ್ಮ ಗೌರವಕ್ಕೆ ಕುಂದಿಲ್ಲ. ನಮಗೂ ಸ್ಪಷ್ಟವಾಗಿ ಬರೆಯುವ ಅಭ್ಯಾಸವಾದೀತು. ಬೇಲೂರಿನ ರೂವಾರಿ ಕಲ್ಲಿನ ಮೇಲೆ ತನ್ನ ಹೆಸರನ್ನು ಉಳಿಸಿಹೋದನು. ಇಂದಿನ ಕಸುಬುಗಾರನು ತನ್ನ ಹೆಸರಿನ ಜೊತೆಗೆ ತನ್ನ ಕೆಲಸವನ್ನೂ ಬರೆದಿಡುವಂತಾಗಲಿ ಎಂದು ಹಾರೈಸಿ ಈ ಭಾಷಣವನ್ನು ಮುಗಿಸುತ್ತೇವೆ.